ಮೊದಲ ಕ್ಲಬ್ ರೇಸ್‌ನಲ್ಲಿ ನನಗೆ ಕಾಣದೇ ಹೋದ ಹಳದಿ ಬಾವುಟ

ಹೊಸ ಚಾಲಕ (ಮೂಲ ಬರಹ)

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ಮತ್ತು ಭಾನುವಾರ ನಾನು ಮೊದಲ ಬಾರಿಗೆ ಕ್ಲಬ್ ಮಟ್ಟದ ಕಾರ್ ರೇಸ್‌ನಲ್ಲಿ ಸ್ಪರ್ಧಿಸಿದೆ. ನನ್ನದು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. ಟ್ರ್ಯಾಕ್ ಡೇಗಳಲ್ಲಿ (ಸ್ಪರ್ಧೆಯಿಲ್ಲದೆ ಟ್ರ್ಯಾಕಿನ ಮೇಲೆ ಕಾರು ಓಡಿಸುವ ದಿನಗಳು) ಇದೇ ಟ್ರ್ಯಾಕಿನ ಮೇಲೆ ನೂರಕ್ಕೂ ಹೆಚ್ಚು ಸುತ್ತು ಹಾಕಿದ್ದೆನಾದ್ದರಿಂದ ಯಾವ ತಿರುವಿಗೆ ಯಾವ ಗೇರ್, ಎಲ್ಲಿ ಬ್ರೇಕ್ ಒತ್ತಬೇಕು ಎಂಬುದೆಲ್ಲ ಬಾಯಿಪಾಠವಾಗಿತ್ತು. ರೇಸ್ ಎಂಬುದು ಅದೇ ಕೆಲಸವನ್ನು ಇನ್ನಷ್ಟು ಕಾರುಗಳ ನಡುವೆ ಮಾಡುವುದು ಎಂದಷ್ಟೇ ತಿಳಿದಿದ್ದೆ.

ಶನಿವಾರ ಬೆಳಿಗ್ಗೆ ವಾಹನ ತಪಾಸಣೆ, ಆಮೇಲೆ ಚಾಲಕರ ಸಭೆ, ಅಭ್ಯಾಸ, ಅರ್ಹತಾ ಸುತ್ತು. ಇಪ್ಪತ್ತೆರಡು ಕಾರುಗಳಲ್ಲಿ ಹದಿನೇಳನೆಯ ಸ್ಥಾನದಿಂದ ಹೊರಟೆ. ಭಾನುವಾರದ ಮೊದಲ ರೇಸ್ ಹದಿನೈದನೆಯವನಾಗಿ ಮುಗಿಯಿತು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಇಳಿದ ಮೇಲೆ ಕೈ ನಡುಗುತ್ತಿತ್ತು, ಆದರೆ ಅಂಥ ಸಂತೋಷವನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಎರಡನೆಯ ರೇಸ್‌ನ ಆರನೆಯ ಸುತ್ತಿನಲ್ಲಿ, ನಾಲ್ಕನೆಯ ತಿರುವಿಗೆ ಸ್ವಲ್ಪ ಮೊದಲು ನನ್ನ ಮುಂದಿದ್ದ ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು. ಗೇರ್ ತಪ್ಪಿರಬೇಕು ಎಂದುಕೊಂಡು ಒಳಬದಿಯಿಂದ ಅದನ್ನು ದಾಟಿದೆ. ತಿರುವಿನ ಹೊರಬದಿಯ ಜಲ್ಲಿಯಲ್ಲಿ ಒಂದು ಕಾರು ಸಿಕ್ಕಿಕೊಂಡಿದ್ದುದನ್ನು, ಅದರ ಪಕ್ಕದಲ್ಲಿ ಇಬ್ಬರು ಮಾರ್ಷಲ್‌ಗಳು (ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವವರು) ನಿಂತಿದ್ದುದನ್ನು ದಾಟಿದ ಮೇಲಷ್ಟೇ ಕಂಡೆ. ಆಗಲೂ ನನಗೆ ವಿಷಯ ಪೂರ್ತಿ ಅರ್ಥವಾಗಲಿಲ್ಲ. ರೇಸ್ ಮುಗಿದ ಬಳಿಕ ಅಧಿಕಾರಿಗಳ ಕೋಣೆಯಿಂದ ಕರೆ ಬಂದಾಗಲೇ, ನಾಲ್ಕನೆಯ ತಿರುವಿನ ಪೋಸ್ಟ್‌ನಲ್ಲಿ, ಅಂದರೆ ಮಾರ್ಷಲ್‌ಗಳು ಬಾವುಟ ಹಿಡಿದು ನಿಲ್ಲುವ ಜಾಗದಲ್ಲಿ, ಎರಡು ಹಳದಿ ಬಾವುಟಗಳನ್ನು ಬೀಸುತ್ತಿದ್ದರೆಂದು ತಿಳಿದದ್ದು. ಮೂವತ್ತು ಸೆಕೆಂಡುಗಳ ದಂಡ ಬಿತ್ತು. ದಂಡದ ಬಗ್ಗೆ ನನ್ನ ತಕರಾರಿಲ್ಲ, ಅದು ನ್ಯಾಯವಾದದ್ದೇ.

ನನ್ನನ್ನು ನಿದ್ದೆಗೆಡಿಸಿರುವ ಪ್ರಶ್ನೆ ಬೇರೆ. ನನ್ನ ದೃಷ್ಟಿ ಚೆನ್ನಾಗಿದೆ. ಬಾವುಟಗಳ ಅರ್ಥ ಗೊತ್ತಿತ್ತು. ಹಿಂದಿನ ದಿನದ ಸಭೆಯಲ್ಲಿ ಅದೇ ಮಾತನ್ನು ಎರಡು ಬಾರಿ ಹೇಳಿದ್ದರು. ಹೀಗಿದ್ದೂ ಎರಡು ಬಾವುಟಗಳು ಕಣ್ಣೆದುರು ಬೀಸುತ್ತಿದ್ದಾಗ ನನಗೆ ಅವು ಕಾಣದೇ ಹೋದದ್ದು ಹೇಗೆ? ಇದಕ್ಕೆ ಕಣ್ಣನ್ನು ಪಳಗಿಸುವ ದಾರಿ ಇದೆಯೆ? ಅನುಭವಿಗಳು ದಯವಿಟ್ಟು ತಿಳಿಸಿ.

ಮಾರ್ಷಲ್

ನಿಮ್ಮ ತಪ್ಪನ್ನು ನೀವೇ ಮುಂದಾಗಿ ಬರೆದುಕೊಂಡದ್ದಕ್ಕೆ ಕೃತಜ್ಞತೆ. ನಾನು ಅನೇಕ ವರ್ಷಗಳಿಂದ ವಾರಾಂತ್ಯಗಳಲ್ಲಿ ಸ್ವಯಂಸೇವಕನಾಗಿ ಪೋಸ್ಟ್‌ನಲ್ಲಿ ನಿಲ್ಲುತ್ತೇನೆ. ಆ ಬದಿಯಿಂದ ಇದು ಹೇಗೆ ಕಾಣುತ್ತದೆ ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

ಒಂದು ಹಳದಿ ಬಾವುಟ ಬೀಸಿದರೆ ಟ್ರ್ಯಾಕಿನ ಪಕ್ಕದಲ್ಲೋ, ಟ್ರ್ಯಾಕಿನ ಒಂದು ಭಾಗದ ಮೇಲೋ ಅಪಾಯವಿದೆ ಎಂದರ್ಥ. ವೇಗ ಇಳಿಸಬೇಕು, ಯಾರನ್ನೂ ದಾಟಬಾರದು, ದಾರಿ ಬದಲಿಸಲು ಸಿದ್ಧರಿರಬೇಕು. ಎರಡು ಬೀಸಿದರೆ ಟ್ರ್ಯಾಕ್ ಪೂರ್ತಿಯಾಗಿ ಅಥವಾ ಭಾಗಶಃ ಮುಚ್ಚಿಹೋಗಿದೆ, ಇಲ್ಲವೇ ಮಾರ್ಷಲ್‌ಗಳು ಟ್ರ್ಯಾಕಿನ ಮೇಲೋ ಪಕ್ಕದಲ್ಲೋ ಕೆಲಸ ಮಾಡುತ್ತಿದ್ದಾರೆ ಎಂದರ್ಥ; ಆಗ ವೇಗವನ್ನು ಗಣನೀಯವಾಗಿ ಇಳಿಸಿ, ಬೇಕಾದರೆ ಪೂರ್ತಿ ನಿಲ್ಲಲೂ ಸಿದ್ಧರಾಗಿರಬೇಕು. ಮುಂದೆ ಹಸಿರು ಬಾವುಟ ಕಾಣುವ ತನಕ ಈ ನಿಯಮ ಸಡಿಲವಾಗುವುದಿಲ್ಲ. ಇದು ನಿಮಗೆ ಗೊತ್ತಿತ್ತು ಎಂದಿದ್ದೀರಿ. ಆದರೆ ಇದರ ಹಿಂದಿರುವ ಮನುಷ್ಯರನ್ನು ಸಭೆಯಲ್ಲಿ ಯಾರೂ ತೋರಿಸುವುದಿಲ್ಲ.

ಜಲ್ಲಿಯಲ್ಲಿ ಹೂತ ಕಾರಿಗೆ ಹಗ್ಗ ಕಟ್ಟುವವರು ಬಗ್ಗಿರುತ್ತಾರೆ, ಟ್ರ್ಯಾಕಿಗೆ ಬೆನ್ನು ಮಾಡಬೇಕಾದ ಕ್ಷಣಗಳೂ ಬರುತ್ತವೆ. ಅವರ ಪ್ರಾಣ ಆಗ ಬಾವುಟ ಹಿಡಿದವರ ಕೈಯಲ್ಲಿ ಮತ್ತು ಬರುತ್ತಿರುವ ಚಾಲಕರ ಬಲಗಾಲಿನಲ್ಲಿ ಇರುತ್ತದೆ. ಬಾವುಟ ಬೀಸುತ್ತಿರುವಾಗ ನಾನು ಕಿವಿಗೊಟ್ಟು ಕೇಳುವುದು ಎಂಜಿನ್ನಿನ ದನಿಯನ್ನು. ಪೋಸ್ಟ್‌ಗೆ ಮೊದಲೇ ದನಿ ಇಳಿದರೆ ಆ ಚಾಲಕನಿಗೆ ನಾನು ಕಂಡಿದ್ದೇನೆ ಎಂದು ಗೊತ್ತಾಗುತ್ತದೆ. ಇಳಿಯದಿದ್ದರೆ ಸೀಟಿ ಊದಿ, ಕೆಳಗಿರುವವರನ್ನು ತಡೆಗೋಡೆಯ ಹಿಂದಕ್ಕೆ ಕರೆಯಬೇಕು. ಅದಕ್ಕೆ ನಮಗಿರುವುದು ಎರಡು ಮೂರು ಸೆಕೆಂಡು.

2014ರ ಅಕ್ಟೋಬರ್ 5ರಂದು ಜಪಾನಿನ ಸುಜುಕಾದಲ್ಲಿ ಮಳೆಯ ನಡುವೆ ನಡೆದ ಫಾರ್ಮುಲಾ ಒನ್ ರೇಸ್‌ನಲ್ಲಿ, ಎರಡು ಹಳದಿ ಬಾವುಟಗಳಿದ್ದ ಭಾಗದಲ್ಲಿಯೇ ಜೂಲ್ಸ್ ಬಿಯಾಂಕಿಯವರ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತುತ್ತಿದ್ದ ಯಂತ್ರಕ್ಕೆ ಬಡಿಯಿತು. ಅವರು 2015ರ ಜುಲೈನಲ್ಲಿ ತೀರಿಕೊಂಡರು. ಅಂಥ ಸಂದರ್ಭದಲ್ಲಿ ಎಲ್ಲ ಕಾರುಗಳ ವೇಗವನ್ನೂ ಏಕಕಾಲಕ್ಕೆ ಇಳಿಸುವ ವರ್ಚುವಲ್ ಸೇಫ್ಟಿ ಕಾರ್ ವ್ಯವಸ್ಥೆ ಅದೇ ವರ್ಷ ಫಾರ್ಮುಲಾ ಒನ್‌ಗೆ ಬಂತು. ನಮ್ಮಂಥ ಕ್ಲಬ್ ರೇಸ್‌ಗಳಲ್ಲಿ ಕಾರಿನೊಳಗೆ ಅಂಥ ಸಾಧನ ಇರುವುದಿಲ್ಲ, ಎಷ್ಟೋ ಕಡೆ ರೇಡಿಯೋ ಕೂಡ ಇರುವುದಿಲ್ಲ. ಇಲ್ಲಿ ಬಾವುಟವೇ ಎಲ್ಲ.

ತರಬೇತುದಾರ

ಮಾರ್ಷಲ್ ಅವರ ಮಾತಿಗೆ ನಾನು ಸೇರಿಸಬೇಕಾದದ್ದು ಕಣ್ಣಿನ ವಿಷಯ.

ನಿಮಗೆ ಬಾವುಟ ಕಾಣದೇ ಹೋದದ್ದಕ್ಕೆ ನಿಮ್ಮ ದೃಷ್ಟಿ ಕಾರಣವಲ್ಲ. ಮನಸ್ಸು ಒಂದೇ ಕೆಲಸದ ಮೇಲೆ ಬಿಗಿಯಾಗಿ ಕೂತಾಗ ಕಣ್ಣು ಕಂಡದ್ದನ್ನೂ ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸಬರಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ: ಒಬ್ಬರೇ ಓಡಿಸುವಾಗ ದೂರಕ್ಕೆ ಹೋಗುತ್ತಿದ್ದ ನೋಟ, ಮುಂದೆ ಒಂದು ಕಾರು ಬಂದ ಕೂಡಲೇ ಅದರ ಹಿಂಬದಿಯ ಬಂಪರಿಗೆ ಅಂಟಿಕೊಳ್ಳುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಒಂದೂವರೆ ಸೆಕೆಂಡು ನಿಮ್ಮ ಗಮನ ಬೇರೆಡೆ ಇದ್ದರೆ ಐವತ್ತು ಮೀಟರ್ ದಾರಿಯನ್ನು ನೀವು ನೋಡದೆಯೇ ಕಳೆದಿರುತ್ತೀರಿ.

ನಾನು ಕಲಿಸುವವರಿಗೆ ಮೊದಲು ಮಾಡಿಸುವುದು ಟ್ರ್ಯಾಕ್ ನಡಿಗೆ. ಅವಕಾಶವಿದ್ದರೆ ಹಿಂದಿನ ಸಂಜೆ ಇಡೀ ಟ್ರ್ಯಾಕನ್ನು ನಡೆದು, ಪ್ರತಿಯೊಂದು ಪೋಸ್ಟ್ ಎಲ್ಲಿದೆ, ಯಾವ ಬದಿಯಲ್ಲಿದೆ, ಚಾಲಕನ ಆಸನದ ಎತ್ತರಕ್ಕೆ ಬಗ್ಗಿದಾಗ ಅದು ಎಲ್ಲಿಂದ ಕಾಣಲು ತೊಡಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ಅಭ್ಯಾಸದ ಮೊದಲ ಸುತ್ತಿನಲ್ಲಿ ಪ್ರತಿ ಪೋಸ್ಟ್ ಬಂದಾಗಲೂ ಅದರ ಸಂಖ್ಯೆಯನ್ನು ಹೆಲ್ಮೆಟ್ಟಿನೊಳಗೇ ಗಟ್ಟಿಯಾಗಿ ಹೇಳಬೇಕು. ಬ್ರೇಕ್ ಒತ್ತುವ ಜಾಗವನ್ನು ಹೇಗೆ ಗುರುತಿಟ್ಟುಕೊಳ್ಳುತ್ತೀರೋ ಪೋಸ್ಟನ್ನೂ ಹಾಗೆಯೇ ಸುತ್ತಿನ ಒಂದು ಭಾಗವಾಗಿ ಮಾಡಿಕೊಳ್ಳಬೇಕು. ಅಲ್ಲಿ ಬಾವುಟ ಇದ್ದರೂ ಇಲ್ಲದಿದ್ದರೂ ಕಣ್ಣು ಅಲ್ಲಿಗೆ ಹೋಗಿ ಬರಬೇಕು. ಕೆಲವು ದಿನಗಳಲ್ಲಿ ಅದು ತಾನಾಗಿ ನಡೆಯತೊಡಗುತ್ತದೆ.

ಇನ್ನೊಂದು ವಿಷಯ. ಮುಂದಿನ ಕಾರು ಕಾರಣವಿಲ್ಲದೆ ನಿಧಾನವಾದರೆ ಮೊದಲು ಬಾವುಟವನ್ನು ಹುಡುಕಬೇಕು. ದಾಟುವ ಅವಕಾಶವನ್ನು ಆಮೇಲೆ ಯೋಚಿಸಬಹುದು.

ನಿಮಗೊಂದು ಪ್ರಶ್ನೆ: ಮೂರನೆಯ ತಿರುವಿನಿಂದ ಹೊರಬಂದಾಗ ನಿಮ್ಮ ತಲೆಯಲ್ಲಿ ಏನಿತ್ತು? ಕಾರಿನಲ್ಲಿ ಕ್ಯಾಮೆರಾ ಇದ್ದಿದ್ದರೆ ಆ ಸುತ್ತನ್ನು ಮತ್ತೆ ನೋಡಿ, ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ.

ಹಳೆಯ ಸ್ಪರ್ಧಿ

ಹೊಸಬರ ಮೇಲೆಯೇ ಎಲ್ಲ ಹೊಣೆಯನ್ನೂ ಹೊರಿಸುವುದು ಸರಿಯೆಂದು ನನಗೆ ತೋರುವುದಿಲ್ಲ. ಸಂಜೆಯ ರೇಸ್‌ಗಳಲ್ಲಿ ಎದುರು ಬಿಸಿಲಿಗೆ ಹಳದಿ ಬಟ್ಟೆ ಕಾಣುವುದೇ ಕಷ್ಟ. ಬಾವುಟದ ಜೊತೆಗೆ ದೀಪದ ಫಲಕಗಳನ್ನೂ ಹಾಕಿದರೆ ಇಂಥ ತಪ್ಪುಗಳಲ್ಲಿ ಬಹುಪಾಲು ನಡೆಯುವುದೇ ಇಲ್ಲ. ನಾನು ಮೂರು ಬಾರಿ ಇದೇ ಕಾರಣಕ್ಕೆ ದಂಡ ತೆತ್ತಿದ್ದೇನೆ.

ಮಾರ್ಷಲ್

ದೀಪದ ಫಲಕಗಳು ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಅವು ಮಬ್ಬಿನಲ್ಲಿ, ಮಳೆಯಲ್ಲಿ ಬಹಳ ದೂರದಿಂದ ಕಾಣುತ್ತವೆ. ಆದರೆ ಅವು ಬರುವ ತನಕ ನಾವು ನಿಲ್ಲುವುದು ಬಟ್ಟೆಯ ಬಾವುಟದ ಭರವಸೆಯ ಮೇಲೆಯೇ. ಬಿಸಿಲು ಎದುರಿಗಿದ್ದು ಪೋಸ್ಟ್ ಕಾಣುತ್ತಿಲ್ಲವೆಂದಾದರೆ ಅಭ್ಯಾಸ ಮುಗಿದ ಕೂಡಲೇ ಅಧಿಕಾರಿಗಳಿಗೆ ಹೇಳಿ. ಬಾವುಟ ಬೀಸುವವರು ನಿಲ್ಲುವ ಜಾಗವನ್ನು ಸ್ವಲ್ಪ ಬದಲಿಸಲು ಸಾಧ್ಯವಾಗುತ್ತದೆ. ಚಾಲಕರು ಬಂದು ಹೇಳಿದ್ದರಿಂದ ಹಾಗೆ ಬದಲಿಸಿದ್ದೂ ಇದೆ.

ಹೊಸ ಚಾಲಕ

ತರಬೇತುದಾರರು ಹೇಳಿದಂತೆ ನಿನ್ನೆ ರಾತ್ರಿ ಕ್ಯಾಮೆರಾದ ಚಿತ್ರಣವನ್ನು ನಾಲ್ಕೈದು ಸಲ ನೋಡಿದೆ. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಬಾವುಟಗಳು ಮೂರೂವರೆ ಸೆಕೆಂಡುಗಳ ಕಾಲ ಸ್ಪಷ್ಟವಾಗಿ ಕಾಣುತ್ತವೆ. ನನ್ನ ವೇಗಕ್ಕೆ ಅದು ನೂರು ಮೀಟರಿಗೂ ಹೆಚ್ಚು ದೂರ. ನೋಡಿ ಮೈ ತಣ್ಣಗಾಯಿತು.

ಆದರೆ ಅದಕ್ಕೂ ಮೊದಲು ನಡೆದದ್ದೊಂದು ಈಗ ನೆನಪಾಗಿದೆ. ಮೂರನೆಯ ತಿರುವಿಗೆ ಬ್ರೇಕ್ ಒತ್ತಿದಾಗ ಪೆಡಲ್ ಎಂದಿಗಿಂತ ಬಹಳ ಕೆಳಕ್ಕೆ ಹೋಯಿತು, ಸ್ಪಂಜಿನ ಮೇಲೆ ಕಾಲಿಟ್ಟಂತಿತ್ತು. ಕಾರು ಹೇಗೋ ತಿರುಗಿತು. ಹೊರಬಂದ ಮೇಲೆ ನಾಲ್ಕನೆಯ ತಿರುವಿನವರೆಗೂ ನಾನು ಪೆಡಲನ್ನು ಮತ್ತೆ ಮತ್ತೆ ಒತ್ತಿ, ಅದು ಗಟ್ಟಿಯಾಗುತ್ತಿದೆಯೇ ಎಂದು ನೋಡುತ್ತಿದ್ದೆ. ಬಾವುಟ ಕಾಣುತ್ತಿದ್ದ ಮೂರೂವರೆ ಸೆಕೆಂಡುಗಳೂ ನನ್ನ ಗಮನವೆಲ್ಲ ಪಾದದಲ್ಲಿತ್ತು. ಪೆಡಲ್ ಗಟ್ಟಿಯಾದ ಕ್ಷಣದಲ್ಲಿಯೇ ಮುಂದಿನ ಕಾರು ನಿಧಾನವಾದದ್ದು ಕಂಡಿತು, ಆ ಸಮಾಧಾನದಲ್ಲಿ ದಾಟಿಬಿಟ್ಟೆ.

ಬ್ರೇಕ್ ಆಯಿಲನ್ನು ಕಾರು ಕೊಂಡ ಎರಡು ವರ್ಷಗಳಲ್ಲಿ ಒಮ್ಮೆಯೂ ಬದಲಿಸಿರಲಿಲ್ಲ. ಡಬ್ಬಿಯಲ್ಲಿ ಮಟ್ಟ ಸರಿಯಾಗಿತ್ತು, ತಪಾಸಣೆಯಲ್ಲಿ ಯಾರೂ ಆಕ್ಷೇಪ ಎತ್ತಲಿಲ್ಲ, ಹಾಗಾಗಿ ಸರಿಯಾಗಿಯೇ ಇದೆ ಎಂದುಕೊಂಡಿದ್ದೆ. ಟ್ರ್ಯಾಕ್ ಡೇಗಳಲ್ಲಿ ಈ ತೊಂದರೆ ಎಂದೂ ಬಂದಿರಲಿಲ್ಲ.

ಗ್ಯಾರೇಜಿನವರು

ಹಾಗಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಬ್ರೇಕಿನಲ್ಲಿಯೇ ಇದೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ, ಏಕೆಂದರೆ ಹೊಸಬರು ಎಂಜಿನ್ ಮತ್ತು ಟೈರಿಗೆ ತೋರಿಸುವ ಕಾಳಜಿಯ ಕಾಲುಭಾಗವನ್ನೂ ಬ್ರೇಕ್ ಆಯಿಲಿಗೆ ತೋರಿಸುವುದಿಲ್ಲ.

ಬ್ರೇಕ್ ಒತ್ತಿದಾಗ ಕಾರಿನ ಚಲನ ಶಕ್ತಿ ಶಾಖವಾಗಿ ಮಾರ್ಪಡುತ್ತದೆ, ಮತ್ತು ಆ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಿಮ್ಮ ಕಾರಿನ ತೂಕ 1000 ಕಿಲೋ ಎಂದು ಹಿಡಿಯೋಣ. ಗಂಟೆಗೆ 160 ಕಿಲೋಮೀಟರಿನಿಂದ 80ಕ್ಕೆ ಇಳಿದರೆ ವೇಗ ಅರ್ಧವಾಗುತ್ತದೆ, ಶಕ್ತಿಯಲ್ಲಿ ಮುಕ್ಕಾಲು ಪಾಲು ಬ್ರೇಕಿಗೆ ಹೋಗುತ್ತದೆ. ಅದು ಸುಮಾರು 740 ಕಿಲೋಜೂಲ್. ಎರಡು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು ಶಾಖ. ಅಷ್ಟೂ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಡಿಸ್ಕ್‌ಗಳೊಳಗೆ ಇಳಿಯುತ್ತದೆ, ಮುಂದಿನ ಎರಡಕ್ಕೆ ಹೆಚ್ಚು ಪಾಲು. ಪ್ರತಿ ಸುತ್ತಿನಲ್ಲಿ ಮೂರು ನಾಲ್ಕು ಸಲ ಇದು ನಡೆಯುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಆಯಿಲಿಗೆ ಅದೇ ಮಾನದಂಡ ಇಟ್ಟಿರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಅಲ್ಲಿಗೆ 75 ಡಿಗ್ರಿಗಳ ಅಂತರ, ಮತ್ತು ಆ ಅಂತರವನ್ನು ಡಬ್ಬಿಯ ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಆದ್ದರಿಂದ ನಿಮ್ಮ ಕಾಲಿನ ಒತ್ತಡವೆಲ್ಲ ಆ ಗುಳ್ಳೆಗಳನ್ನು ಹಿಂಡುವುದರಲ್ಲಿಯೇ ಮುಗಿದು ಪೆಡಲ್ ಕೆಳಗಿಳಿಯುತ್ತದೆ. ನೀವು ಅನುಭವಿಸಿದ್ದು ಇದನ್ನೇ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಅತಿಯಾಗಿ ಕಾದದ್ದರ ಲಕ್ಷಣ, ಅದಕ್ಕೆ ಪರಿಹಾರ ಬೇರೆ.

ಟ್ರ್ಯಾಕ್ ಡೇಯಲ್ಲಿ ಏಕೆ ಬರಲಿಲ್ಲವೆಂದರೆ, ಅಲ್ಲಿ ದಣಿವಾದಾಗ ನೀವು ಒಂದು ಸುತ್ತು ನಿಧಾನವಾಗಿ ಓಡಿಸುತ್ತೀರಿ, ಬ್ರೇಕ್ ತಣಿಯುತ್ತದೆ. ರೇಸ್‌ನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅದರ ಮೇಲೆ ಇನ್ನೊಂದು ಕಾರಿನ ಬೆನ್ನಿಗೆ ಅಂಟಿ ಓಡುವಾಗ ನಿಮ್ಮ ಬ್ರೇಕಿಗೆ ತಂಪು ಗಾಳಿಯೂ ಕಡಿಮೆ ಸಿಗುತ್ತದೆ.

ಮಾಡಬೇಕಾದದ್ದು ಇಷ್ಟು. ಪ್ರತಿ ರೇಸ್ ವಾರಾಂತ್ಯಕ್ಕೂ ಮೊದಲು ಹಳೆಯ ಆಯಿಲನ್ನು ಪೂರ್ತಿ ತೆಗೆದು, ಸೀಲು ಒಡೆಯದ ಹೊಸ ಡಬ್ಬಿಯಿಂದ ತುಂಬಿ, ನಾಲ್ಕೂ ಚಕ್ರಗಳಲ್ಲಿ ಗಾಳಿ ಹೋಗುವಂತೆ ಬ್ಲೀಡ್ ಮಾಡಿಸಿ. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬೇಡಿ. ರೇಸ್ ಮುಗಿದ ಮೇಲಿನ ಸುತ್ತಿನಲ್ಲಿ ಬ್ರೇಕನ್ನು ಆದಷ್ಟು ಮುಟ್ಟದೆ ಬನ್ನಿ. ಪ್ಯಾಡಕ್‌ನಲ್ಲಿ (ರೇಸ್ ಕಾರುಗಳನ್ನು ನಿಲ್ಲಿಸುವ ಆವರಣ) ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಕಟ್ಟೆ ಕೊಡಿ. ಕಾದ ಡಿಸ್ಕಿನ ಮೇಲೆ ಪ್ಯಾಡ್ ಒಂದೇ ಕಡೆ ಒತ್ತಿ ಕೂರಬಾರದು. ಓಟದ ನಡುವೆ ಪೆಡಲ್ ಹೀಗೆ ಇಳಿದರೆ ಪಿಟ್‌ಗೆ ಬಂದುಬಿಡಿ. ಸ್ಥಾನ ಹೋಗುತ್ತದೆ, ಹೋಗಲಿ.

ನೀವು ದಾಟಿದ ಕಾರಿನ ಚಾಲಕ

ಇದನ್ನು ಓದುತ್ತಾ ಬಂದಂತೆ ಆ ಕಾರು ನನ್ನದೇ ಎಂದು ಗೊತ್ತಾಯಿತು. ರೇಸ್ ಮುಗಿದ ಸಂಜೆ ನೀವು ನಮ್ಮ ಬಳಿ ಬಂದು ಕ್ಷಮೆ ಕೇಳಿದಾಗ ನಾನು ಎರಡೇ ಮಾತು ಆಡಿ ಕಳುಹಿಸಿದೆ. ಆಗ ಸಿಟ್ಟು ಇಳಿದಿರಲಿಲ್ಲ. ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ.

ನಾನು ಹಳದಿ ಕಂಡು ವೇಗ ಇಳಿಸಿದಾಗ ನೀವು ಹಿಂದೆ ಇದ್ದೀರೆಂದು ಕನ್ನಡಿಯಲ್ಲಿ ಗೊತ್ತಿತ್ತು, ನೀವೂ ಇಳಿಸುತ್ತೀರೆಂದು ನಂಬಿದ್ದೆ. ಜಲ್ಲಿಯಲ್ಲಿದ್ದವರಿಂದ ದೂರವಿರಲು ಒಳಬದಿಗೆ ಸರಿಯುವವನಿದ್ದೆ. ಅದೇ ಒಳಬದಿಯಲ್ಲಿ ನೀವು ಬಂದಿರಿ. ಅರ್ಧ ಸೆಕೆಂಡು ಮೊದಲು ನಾನು ಸರಿದಿದ್ದರೆ ನಾವಿಬ್ಬರೂ ತಗುಲಿಕೊಂಡು, ಆ ಇಬ್ಬರು ಮಾರ್ಷಲ್‌ಗಳ ಕಡೆಗೇ ಜಾರುತ್ತಿದ್ದೆವು. ನನ್ನ ಸಿಟ್ಟಿಗೆ ಅದೇ ಕಾರಣವಾಗಿತ್ತು. ಸ್ಥಾನದ ಬಗ್ಗೆ ನನಗೆ ಚಿಂತೆ ಇರಲಿಲ್ಲ.

ಒಂದು ವಿಷಯ ನಿಮಗೆ ಯಾರೂ ಹೇಳಿದಂತಿಲ್ಲ. ಹಳದಿಯಲ್ಲಿ ದಾಟಿದ್ದು ಆಮೇಲೆ ತಿಳಿದರೆ, ಅಪಾಯದ ಜಾಗ ಕಳೆದ ಮೇಲೆ ಸುರಕ್ಷಿತವಾಗಿ ಬದಿಗೆ ಸರಿದು ಸ್ಥಾನವನ್ನು ಹಿಂದಿರುಗಿಸಿ. ಅಧಿಕಾರಿಗಳು ಅದನ್ನು ಗಮನಿಸುತ್ತಾರೆ, ಹಿಂದಿರುವವರೂ ಗಮನಿಸುತ್ತಾರೆ. ಜಲ್ಲಿಯಲ್ಲಿ ಕಾರು ಕಂಡಾಗ ನಿಮಗೆ ಅರೆಬರೆ ಅನುಮಾನ ಬಂದಿತ್ತು ಎಂದು ತೋರುತ್ತದೆ. ಅನುಮಾನ ಬಂದರೆ ಸಾಕು, ಸ್ಥಾನ ಬಿಟ್ಟುಕೊಡಿ.

ಮುಂದಿನ ತಿಂಗಳು ಮೊದಲ ರೇಸ್ ಓಡಿಸಲಿರುವವರು

ಈ ಚರ್ಚೆ ನನಗೆ ಬಹಳ ಉಪಕಾರವಾಗಿದೆ. ಒಂದು ಸಂದೇಹ: ಹೆಲ್ಮೆಟ್, ಹ್ಯಾನ್ಸ್ (ಕುತ್ತಿಗೆಯನ್ನು ಕಾಪಾಡುವ ಸಾಧನ), ಆರು ಬಿಂದುಗಳ ಬೆಲ್ಟ್ ಎಲ್ಲವನ್ನೂ ಹಾಕಿಕೊಂಡಾಗ ತಲೆ ಹೆಚ್ಚು ತಿರುಗುವುದಿಲ್ಲ. ಬದಿಯಲ್ಲಿರುವ ಪೋಸ್ಟ್‌ಗಳನ್ನು ನೋಡುವುದು ಹೇಗೆ?

ತರಬೇತುದಾರ

ಒಳ್ಳೆಯ ಪ್ರಶ್ನೆ. ರಾಬರ್ಟ್ ಹಬ್ಬರ್ಡ್ ಅವರು 1980ರ ದಶಕದಲ್ಲಿ ರೂಪಿಸಿದ ಹ್ಯಾನ್ಸ್ ಸಾಧನ, ಡಿಕ್ಕಿಯಲ್ಲಿ ಬೆಲ್ಟ್ ಎದೆಯನ್ನು ಹಿಡಿದಿಟ್ಟಾಗ ತಲೆ ಮುಂದಕ್ಕೆ ಚಿಮ್ಮಿ ಕುತ್ತಿಗೆಯ ಬುಡಕ್ಕೆ ಪೆಟ್ಟಾಗುವುದನ್ನು ತಡೆಯುತ್ತದೆ. 2003ರಿಂದ ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯ. ಅದನ್ನು ಬಿಡುವ ಮಾತೇ ಇಲ್ಲ. ಆದರೆ ಪಟ್ಟಿಗಳ ಉದ್ದವನ್ನು ತಯಾರಕರು ಹೇಳಿದ ಅಳತೆಗೆ ಸರಿಯಾಗಿ ಹೊಂದಿಸಿಕೊಂಡರೆ ಅಕ್ಕಪಕ್ಕಕ್ಕೆ ಬೇಕಾದಷ್ಟು ತಿರುಗಬಹುದು. ರೇಸ್‌ನ ದಿನ ಮೊದಲ ಬಾರಿಗೆ ತೊಡಬೇಡಿ. ಅದಕ್ಕೂ ಮೊದಲೇ ನಿಂತ ಕಾರಿನಲ್ಲಿ ಎಲ್ಲವನ್ನೂ ಬಿಗಿದು ಅರ್ಧ ಗಂಟೆ ಕೂತು, ಕಣ್ಣಾಡಿಸುವುದನ್ನು ರೂಢಿಸಿಕೊಳ್ಳಿ, ಕನ್ನಡಿಗಳನ್ನು ಆ ಭಂಗಿಗೆ ತಕ್ಕಂತೆ ಹೊಂದಿಸಿ. ಪೋಸ್ಟನ್ನು ಅದರ ಪಕ್ಕಕ್ಕೆ ಬಂದಾಗ ನೋಡಿದರೆ ತಡವಾಯಿತು. ದೂರದಲ್ಲಿ, ಎದುರಿಗೆ ಇರುವಾಗಲೇ ನೋಡಿ ಮುಗಿಸಿದರೆ ಕುತ್ತಿಗೆ ತಿರುಗಿಸುವ ಅಗತ್ಯವೇ ಬರುವುದಿಲ್ಲ.

ಹೊಸ ಚಾಲಕ

ನೀವೆಲ್ಲ ಇಷ್ಟು ಸಮಯ ಕೊಟ್ಟದ್ದಕ್ಕೆ ನಾನು ಋಣಿ. ನನ್ನಿಂದಾಗಿ ನಾಲ್ಕನೆಯ ತಿರುವಿನಲ್ಲಿ ಏನಾಗಬಹುದಿತ್ತು ಎಂಬುದು, ನಾನು ದಾಟಿದ ಕಾರಿನ ಚಾಲಕರು ಬರೆದ ಮೇಲೆಯೇ ನನಗೆ ಪೂರ್ತಿ ತಿಳಿದದ್ದು. ಆ ದಿನದ ಎರಡು ಮಾತೂ ನನಗೆ ಸಲ್ಲಬೇಕಾದವೇ ಆಗಿದ್ದವು.

ಇಂದು ಬ್ರೇಕ್ ಆಯಿಲ್ ತೆಗೆಸಿದೆ. ಮುಂದಿನ ಚಕ್ರಗಳ ಕ್ಯಾಲಿಪರ್‌ಗಳಿಂದ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಬಂದದ್ದು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಟ್ರ್ಯಾಕಿನ ನಕ್ಷೆಯನ್ನು ಮುದ್ರಿಸಿ, ಕ್ಯಾಮೆರಾದ ಚಿತ್ರಣ ನೋಡುತ್ತಾ ಪೋಸ್ಟ್‌ಗಳನ್ನು ಗುರುತು ಮಾಡಿದೆ. ಹನ್ನೊಂದು ಪೋಸ್ಟ್‌ಗಳಲ್ಲಿ ನಾಲ್ಕು ಎಲ್ಲಿವೆ ಎಂಬುದೇ ನನಗೆ ಈ ತನಕ ಗೊತ್ತಿರಲಿಲ್ಲ, ನೂರು ಸುತ್ತು ಹಾಕಿದ ಮೇಲೂ.

ಮುಂದಿನ ಸುತ್ತಿನ ರೇಸ್‌ಗೆ ಹೆಸರು ಕೊಡುವ ಮೊದಲು ಒಂದು ದಿನವಾದರೂ ಪೋಸ್ಟ್‌ನಲ್ಲಿ ನಿಂತು, ಬರುವ ಕಾರುಗಳನ್ನು ಆ ಬದಿಯಿಂದ ನೋಡಬೇಕು ಎಂದಿದ್ದೇನೆ. ಮಾರ್ಷಲ್ ಅವರೇ, ತರಬೇತಿ ಇಲ್ಲದವರನ್ನೂ ಸೇರಿಸಿಕೊಳ್ಳುತ್ತೀರಾ?

ಮಾರ್ಷಲ್

ಖಂಡಿತ ಬನ್ನಿ, ಜನ ಎಂದೂ ಸಾಲುವುದಿಲ್ಲ. ಮೊದಲ ದಿನ ನಿಮ್ಮನ್ನು ತಡೆಗೋಡೆಯ ಈಚೆ, ಅನುಭವವಿರುವ ಒಬ್ಬರ ಪಕ್ಕದಲ್ಲಿ ನಿಲ್ಲಿಸುತ್ತೇವೆ; ಟ್ರ್ಯಾಕಿಗೆ ಇಳಿಯುವ ಕೆಲಸ ಕೊಡುವುದಿಲ್ಲ. ಕಾಲು ಪೂರ್ತಿ ಮುಚ್ಚುವ ಬೂಟು, ತೋಳು ತುಂಬಿದ ಹತ್ತಿ ಬಟ್ಟೆ, ಕಿವಿಗೆ ಮುಚ್ಚಳ ತನ್ನಿ. ಹಳದಿ, ಕೆಂಪು, ಹಸಿರು ಬಣ್ಣದ ಅಂಗಿ ಮಾತ್ರ ಬೇಡ. ದೂರದಿಂದ ಬರುತ್ತಿರುವ ಚಾಲಕರಿಗೆ ಅದು ಬಾವುಟದಂತೆ ಕಂಡೀತು.